ಬಂದವರ ಲೆಕ್ಕ, ಹೋದವರ ಲೆಕ್ಕ

ಅರಸೀಕೆರೆಯಿಂದ ಹಾಸನದ ಕಡೆಗೆ ಹೊರಟವರಿಗೆ ಕೆಲವೇ ಮೈಲಿಗಳಲ್ಲಿ ಹಾರನಹಳ್ಳಿ ಸಿಕ್ಕುತ್ತದೆ. ಬೇಲೂರು, ಹಳೇಬೀಡುಗಳ ಕೀರ್ತಿಯ ನೆರಳಿನಲ್ಲಿ ಹಿಂದೆ ನಿಂತ ಈ ಊರಿನಲ್ಲಿ ಹೊಯ್ಸಳರ ಕಾಲದ ಎರಡು ಅಂದವಾದ ಗುಡಿಗಳಿವೆ. ಒಂದು ಚೆನ್ನಕೇಶವನದು, ಇನ್ನೊಂದು ಸೋಮೇಶ್ವರನದು. 1230ರ ದಶಕದಲ್ಲಿ ಪೆದ್ದಣ್ಣ ಹೆಗ್ಗಡೆ, ಸೋವಣ್ಣ, ಕೇಶಣ್ಣ ಎಂಬ ಮೂವರು ಸಹೋದರರು ಇವನ್ನು ಕಟ್ಟಿಸಿದರೆಂದು ತಿಳಿದುಬರುತ್ತದೆ. ಎಂಟು ಶತಮಾನಗಳು ಕಳೆದರೂ ಕಟ್ಟಿಸಿದವರ ಹೆಸರು ಅಳಿದಿಲ್ಲ. ಆದರೆ ಅದೇ ಕಾಲದಲ್ಲಿ, ಎತ್ತಿನ ಮೇಲೆ ಹೇರು ಹಾಕಿಕೊಂಡು, ಈ ಸೀಮೆಯನ್ನು ಹಾದು ದೋರಸಮುದ್ರಕ್ಕೆ ಹೋದ ಪರದೇಶದ ವ್ಯಾಪಾರಿಗಳೆಷ್ಟು ಮಂದಿ? ಅವರು ಎಂದು ಬಂದರು? ಎಂದು ಮರಳಿದರು? ಅಥವಾ ಮರಳಲೇ ಇಲ್ಲವೋ? ಕಲ್ಲು ಇದಕ್ಕೆ ಬಾಯಿ ಬಿಡುವುದಿಲ್ಲ.

ಇದು ಇತಿಹಾಸಕಾರನೊಬ್ಬನ ಕುತೂಹಲ ಮಾತ್ರವೆಂದು ವಾಚಕರು ಭಾವಿಸಬೇಕಾಗಿಲ್ಲ. ಇಂದಿನ ರಾಷ್ಟ್ರಗಳು ತಮ್ಮ ಗಡಿಗಳಲ್ಲಿ ಅಪಾರ ದ್ರವ್ಯವನ್ನು ವೆಚ್ಚಮಾಡಿ ಕೇಳುತ್ತಿರುವ ಪ್ರಶ್ನೆಗಳೂ ಇವೇ ಎರಡು: ಬಂದವನು ಯಾರು? ಬಂದವನು ಹೋದನೆ? ಮೊದಲನೆಯದಕ್ಕೆ ಉತ್ತರ ಹೇಗೋ ಸಿಕ್ಕುತ್ತದೆ. ಎರಡನೆಯದು ದೊಡ್ಡ ದೊಡ್ಡ ಸರಕಾರಗಳನ್ನೂ ಕಂಗೆಡಿಸಿದೆ. ಊರಿಗೆ ಬಂದವಳು ನೀರಿಗೆ ಬಾರದಿರುವಳೆ ಎಂದು ನಮ್ಮ ಗಾದೆ ಕೇಳುತ್ತದೆ. ಬಂದವರಿಗೆ ಊರಿನಿಂದ ಏನಾದರೂ ಬೇಕಾಗಿರುತ್ತದೆ. ನೀರು, ನೆರಳು, ಸಂತೆ, ರಕ್ಷಣೆ. ಆದಕಾರಣ ಅವರು ಒಂದಲ್ಲ ಒಂದು ಕಡೆ ಕಾಣಿಸಿಕೊಳ್ಳುತ್ತಾರೆ. ಹೊರಟುಹೋಗುವವನಿಗೆ ಊರಿನಿಂದ ಏನೂ ಬೇಕಾಗಿಲ್ಲ. ಅವನು ಯಾರ ಬಾಗಿಲನ್ನೂ ತಟ್ಟದೆ ಹೋಗಬಲ್ಲ. ಗಡಿಯ ಲೆಕ್ಕದ ತೊಡಕೆಲ್ಲ ಈ ಸಣ್ಣ ಸಂಗತಿಯಲ್ಲಿ ಅಡಗಿದೆ.

ಹೇರಿಗೆ ಸುಂಕ, ಆಳಿಗೆ ಇಲ್ಲ

ಹೊಯ್ಸಳ ರಾಜ್ಯಕ್ಕೆ ಇಂದಿನ ಭೂಪಟದಲ್ಲಿರುವಂಥ ಗೆರೆಯ ಗಡಿಯಿರಲಿಲ್ಲ. ಅರಸನ ಕೈ ಎಲ್ಲಿಯವರೆಗೆ ಚಾಚುತ್ತಿತ್ತೋ ಅಲ್ಲಿಯವರೆಗೆ ರಾಜ್ಯ. ಸುಮಾರು 1190ರಲ್ಲಿ ಇಮ್ಮಡಿ ಬಲ್ಲಾಳನು ಸೊರಟೂರಿನಲ್ಲಿ ಸೇವುಣರ ಭಿಲ್ಲಮನನ್ನು ಸೋಲಿಸಿದಾಗ ಆ ಗಡಿ ಉತ್ತರಕ್ಕೆ ಸರಿಯಿತು. 1276ರಲ್ಲಿ ಸೇವುಣರ ದಂಡು ಹಳೇಬೀಡಿನ ನೆರೆಯ ಬೆಳವಾಡಿಯವರೆಗೆ ನುಗ್ಗಿ ಬಂದು, ಅಲ್ಲಿ ಸೋತು ಹಿಮ್ಮೆಟ್ಟಿತು. ಗಡಿಯೇ ಹೀಗೆ ಮನೆಬಾಗಿಲಿಗೆ ಬಂದು ಹೋಗುತ್ತಿದ್ದ ಕಾಲದಲ್ಲಿ ಗಡಿ ದಾಟಿದವರನ್ನು ಎಣಿಸುವುದು ಹೇಗೆ?

ಎಣಿಸಿದ್ದು ಸರಕನ್ನು. ಅಂದಿನ ಶಾಸನಗಳಲ್ಲಿ ಸುಂಕದ ಹೆಸರುಗಳಿಗೆ ಬಡತನವಿಲ್ಲ. ಹೆಜ್ಜುಂಕವೆಂದರೆ ದೊಡ್ಡ ಸುಂಕ. ಸಣ್ಣಪುಟ್ಟ ಸರಕುಗಳ ಮೇಲಿನದು ಕಿರುಕುಳ. ಈ ಎರಡನೆಯ ಪದ ಇಂದು ಯಾವ ಅರ್ಥದಲ್ಲಿ ನಮ್ಮ ಬಾಯಲ್ಲಿ ಉಳಿದಿದೆಯೆಂಬುದನ್ನು ನೋಡಿದರೆ ನಗು ಬರುತ್ತದೆ. ಎತ್ತಿನ ಹೇರಿಗೆ ಇಷ್ಟು, ಬಂಡಿಗೆ ಇಷ್ಟು, ತಲೆಹೊರೆಗೆ ಇಷ್ಟು ಎಂದು ದರ. ಇದರ ಮೇಲ್ವಿಚಾರಣೆಯವನು ಸುಂಕದ ಹೆಗ್ಗಡೆ. ಬೆಂಗಳೂರಿನ ಸುಂಕದಕಟ್ಟೆಯಂಥ ಊರ ಹೆಸರುಗಳಲ್ಲಿ ಆ ವ್ಯವಸ್ಥೆಯ ನೆನಪು ಇಂದಿಗೂ ಇದೆ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡರಾದೀತೆ ಎಂಬ ಗಾದೆಯನ್ನು ನಾವು ಅವನ ಕಠಿಣತೆಗೆ ಸಾಕ್ಷಿಯಾಗಿ ಹೇಳುತ್ತೇವೆ. ಅದರಲ್ಲಿ ಇನ್ನೊಂದು ಅರ್ಥವೂ ಇದೆ. ಮನುಷ್ಯನ ಕಥೆ ಅವನಿಗೆ ಬೇಕಾಗಿಯೇ ಇರಲಿಲ್ಲ. ಅವನ ಕಣ್ಣು ಹೇರಿನ ಮೇಲೆ.

ಈ ಪದ್ಧತಿ ವಿಜಯನಗರದ ಕಾಲಕ್ಕೂ ಮುಂದುವರಿಯಿತು. 1530ರ ದಶಕದಲ್ಲಿ ಬರೆದ ನೂನಿಜ್ ಎಂಬ ಪೋರ್ತುಗೀಸ್ ಕುದುರೆ ವ್ಯಾಪಾರಿ, ರಾಜಧಾನಿಯ ಹೆಬ್ಬಾಗಿಲನ್ನು ವರ್ಷಕ್ಕೆ 12,000 ಪರ್ದಾವು ಹೊನ್ನಿಗೆ ಗುತ್ತಿಗೆ ಕೊಡುತ್ತಿದ್ದರೆಂದು ಹೇಳುತ್ತಾನೆ. ಗುತ್ತಿಗೆದಾರನು ಕೇಳಿದಷ್ಟು ಕೊಡದೆ ಊರವನಾಗಲಿ ಪರದೇಶಿಯಾಗಲಿ ಒಳಗೆ ಕಾಲಿಡುವಂತಿರಲಿಲ್ಲ. ದಿನವೊಂದಕ್ಕೆ ಎರಡು ಸಾವಿರ ಹೇರೆತ್ತುಗಳು ಒಳಗೆ ಬರುತ್ತಿದ್ದುವಂತೆ. ಕೊಂಬಿಲ್ಲದ ಎತ್ತುಗಳಿಗೆ ಮಾತ್ರ ರಾಜ್ಯದ ಯಾವ ಮೂಲೆಯಲ್ಲಿಯೂ ಸುಂಕವಿಲ್ಲ! ಎತ್ತಿಗೆ ಕೊಂಬಿತ್ತೋ ಇಲ್ಲವೋ ಎಂಬುದನ್ನು ನೋಡಿದ ಹೆಬ್ಬಾಗಿಲು, ಅದನ್ನು ಹೊಡೆದುಕೊಂಡು ಬಂದವನು ಸಂಜೆಗೆ ಹೊರಟನೋ ಇಲ್ಲವೋ ಎಂದು ನೋಡಿದ ಸುಳಿವು ಇಲ್ಲಿ ಇಲ್ಲ.

ಹೋದವರ ಸುದ್ದಿ ಹೋದ ಊರಿನಲ್ಲಿ

ಹಾಗಾದರೆ ಅಂದು ದೇಶ ಬಿಟ್ಟವರ ಕುರುಹೇ ಇಲ್ಲವೆ? ಇದೆ, ಹುಡುಕಬೇಕಾದ ಸ್ಥಳ ಬೇರೆ.

ಅರಸೀಕೆರೆಯಲ್ಲಿ ಸಹಸ್ರಕೂಟ ಜಿನಾಲಯವೊಂದಿದೆ. ಅದನ್ನು 1220ರಲ್ಲಿ ನಿರ್ಮಿಸಿದವನು ರೇಚರಸ. ಅವನು ಮೊದಲು ಕಳಚುರಿ ಅರಸರಲ್ಲಿ ಅಧಿಕಾರಿಯಾಗಿದ್ದು, ಅನಂತರ ಹೊಯ್ಸಳ ಬಲ್ಲಾಳನ ಆಶ್ರಯಕ್ಕೆ ಬಂದವನು. ಕಳಚುರಿ ರಾಜ್ಯವನ್ನು ಅವನು ಬಿಟ್ಟ ಸಂಗತಿ ನಮಗೆ ತಿಳಿಯುವುದು ಅವನು ಬಂದು ಸೇರಿದ ಊರಿನ ಕಲ್ಲಿನಿಂದ. ಅರಸೀಕೆರೆ ಸೀಮೆಯ ಮತ್ತೊಂದು ಶಾಸನ, ಹಡಗುಗಳಲ್ಲಿ ಆನೆ, ಕುದುರೆ, ಮುತ್ತುಗಳನ್ನು ತರಿಸಿ ಅರಸರಿಗೆ ಮಾರಿದ ಸೆಟ್ಟಿಯೊಬ್ಬನನ್ನು ಹೊಗಳುತ್ತದೆ. ಆ ಕುದುರೆಗಳ ಜೊತೆಗೆ ಕಡಲು ದಾಟಿ ಬಂದ ನಾವಿಕರ, ರಾವುತರ ಹೆಸರು ಅಲ್ಲಿಲ್ಲ.

ಕನ್ನಡ ನಾಡಿನ ಅಯ್ಯಾವೊಳೆಯ ಐನೂರ್ವರ ಮಾತಂತೂ ಪ್ರಸಿದ್ಧವೇ ಆಗಿದೆ. ಚೇರ, ಚೋಳ, ಪಾಂಡ್ಯ, ಮಗಧ, ಲಾಟ, ಪಾರಸ, ನೇಪಾಳಗಳವರೆಗೆ ಅವರ ಸಂಚಾರವೆಂದು ಶಿಕಾರಿಪುರ ಪ್ರಾಂತದ 11ನೆಯ ಶತಮಾನದ ಶಾಸನವೊಂದು ಕೊಚ್ಚಿಕೊಳ್ಳುತ್ತದೆ. ಹೊಗಳಿಕೆಯಲ್ಲಿ ಉತ್ಪ್ರೇಕ್ಷೆಯಿರಬಹುದು. ಆದರೆ ಸುಮಾತ್ರಾ ದ್ವೀಪದ ಬಾರೂಸಿನಲ್ಲಿ ಈ ಐನೂರ್ವರ ಹೆಸರಿನ 1088ರ ತಮಿಳು ಶಾಸನ ದೊರೆತಿದೆ. ಬರ್ಮಾದ ಪಗಾನ್ ನಗರದಲ್ಲಿ 13ನೆಯ ಶತಮಾನದ ನಾನಾದೇಶಿ ವರ್ತಕರ ವಿಷ್ಣುಗುಡಿಗೆ ಮಲೆನಾಡ ಕರಾವಳಿಯ, ಅಂದರೆ ಇಂದಿನ ಕೇರಳದ, ಒಬ್ಬನು ಮಂಟಪ ಕಟ್ಟಿಸಿ ದೀಪಕ್ಕೆ ದತ್ತಿ ಬಿಟ್ಟಿದ್ದಾನೆ. ಅವನು ತನ್ನ ಊರಿನ ರೇವಿನಿಂದ ಹೊರಟ ದಿನವನ್ನು ಯಾರೂ ಬರೆದಿಡಲಿಲ್ಲ. ಹೊರಟದ್ದು ನಿಜವೆಂಬುದಕ್ಕೆ ಪಗಾನಿನ ದೀಪವೇ ಸಾಕ್ಷಿ.

ಅಷ್ಟೇಕೆ, ಹೊಯ್ಸಳ ಅರಸನೊಬ್ಬನ ಕೊನೆಯೂ ಹೀಗೆಯೇ ತಿಳಿದದ್ದು. ಮುಮ್ಮಡಿ ಬಲ್ಲಾಳನು ದಕ್ಷಿಣಕ್ಕೆ ದಂಡೆತ್ತಿ ಹೋಗಿ ಸುಮಾರು 1342ರಲ್ಲಿ ಮಧುರೆಯ ಸುಲ್ತಾನನ ಕೈಗೆ ಸಿಕ್ಕಿ ಹತನಾದನು. ಅವನ ಚರ್ಮಕ್ಕೆ ಹುಲ್ಲು ತುಂಬಿ ಮಧುರೆಯ ಗೋಡೆಗೆ ತೂಗುಹಾಕಿದ ಘೋರ ವೃತ್ತಾಂತವನ್ನು ನಮಗೆ ಉಳಿಸಿಕೊಟ್ಟವನು ಮೊರಾಕೊ ದೇಶದ ಪ್ರವಾಸಿ ಇಬ್ನ್ ಬತೂತ. ರಾಜನಾದರೂ ಅಷ್ಟೆ, ಗಡಿಯಾಚೆಗೆ ಹೋದವನ ಸುದ್ದಿಯನ್ನು ಆಚೆಯವರೇ ಹೇಳಬೇಕು.

ಛತ್ರದವನ ಹೊಣೆ

ಬರುವವರನ್ನೂ ಹೋಗುವವರನ್ನೂ ಸರಕಾರವೇ ಬರೆದಿಡಬೇಕೆಂಬ ವಿಚಾರ ನಮ್ಮಲ್ಲಿ ಹೊಸದೇನೂ ಅಲ್ಲ. ಅದನ್ನು ವಿಸ್ತಾರವಾಗಿ ಹೇಳುವ ಗ್ರಂಥ ಮತ್ತೆ ಬೆಳಕಿಗೆ ಬಂದದ್ದೇ ಮೈಸೂರಿನಲ್ಲಿ. ಕೌಟಿಲ್ಯನ ಅರ್ಥಶಾಸ್ತ್ರದ ಓಲೆಗರಿಯ ಪ್ರತಿಯನ್ನು ಮೈಸೂರಿನ ಓರಿಯಂಟಲ್ ಗ್ರಂಥಾಲಯದಲ್ಲಿ ಗುರುತಿಸಿ, 1909ರಲ್ಲಿ ಅಚ್ಚಿಗೆ ತಂದವರು ಪಂಡಿತ ಆರ್. ಶಾಮಶಾಸ್ತ್ರಿಗಳು.

ಅದರಲ್ಲಿ ಮುದ್ರಾಧ್ಯಕ್ಷನೆಂಬ ಅಧಿಕಾರಿಯಿದ್ದಾನೆ. ಒಂದು ಮಾಷಕ ಕೊಟ್ಟವರಿಗೆ ಅವನು ಮುದ್ರೆಯನ್ನು ಕೊಡಬೇಕು. ಮುದ್ರೆಯಿದ್ದವನಿಗೆ ಮಾತ್ರ ಜನಪದದೊಳಗೆ ಬರಲು, ಹೊರಗೆ ಹೋಗಲು ಅಧಿಕಾರ. ಮುದ್ರೆಯಿಲ್ಲದೆ ಸಿಕ್ಕಿದ ನಾಡಿಗನಿಗೆ ಹನ್ನೆರಡು ಪಣ ದಂಡ. ಸುಂಕದ ಮನೆಯಲ್ಲಿ ನಾಲ್ಕೈದು ಮಂದಿ ಕುಳಿತು ವರ್ತಕರು ಯಾರು, ಎಲ್ಲಿಯವರು, ಸರಕೆಷ್ಟು, ಮೊದಲ ಮುದ್ರೆ ಎಲ್ಲಿ ಬಿದ್ದಿತು ಎಂದು ಬರೆದುಕೊಳ್ಳಬೇಕು. ಕೌಟಿಲ್ಯ ಇಷ್ಟಕ್ಕೆ ನಿಲ್ಲಲಿಲ್ಲ. ಗಡಿಯ ಕಾವಲೊಂದರಿಂದ ಮನುಷ್ಯನ ಲೆಕ್ಕ ಸಿಕ್ಕದೆಂಬುದು ಅವನಿಗೆ ಗೊತ್ತಿತ್ತು. ಆದಕಾರಣ ನಗರದೊಳಗೆ ಛತ್ರದವನ ಮೇಲೂ ಮನೆಯ ಯಜಮಾನನ ಮೇಲೂ ಹೊಣೆ ಹೊರಿಸಿದ. ಮನೆಯ ಯಜಮಾನ ಬಂದವರನ್ನೂ ಹೊರಟವರನ್ನೂ ತಿಳಿಸತಕ್ಕದ್ದು. ತಿಳಿಸದಿದ್ದ ರಾತ್ರಿ ಏನಾದರೂ ಅಪರಾಧ ನಡೆದರೆ ಅದರ ಪಾಲು ಅವನಿಗೆ. ಏನೂ ನಡೆಯದಿದ್ದರೂ ಮೂರು ಪಣ ದಂಡ.

ಈ ನಿಯಮ ಎಷ್ಟರ ಮಟ್ಟಿಗೆ ಆಚರಣೆಯಲ್ಲಿತ್ತೆಂಬುದು ಬೇರೆ ಮಾತು. ಆದರೆ ಇಂದು ಹಾಸನದ ಹೋಟೆಲೊಂದರಲ್ಲಿ ಪರದೇಶದ ಪ್ರವಾಸಿ ತಂಗಿದರೆ, 24 ಗಂಟೆಗಳೊಳಗೆ ಅವನ ವಿವರವನ್ನು ಅಧಿಕಾರಿಗಳಿಗೆ ಒಪ್ಪಿಸಬೇಕಾದವನು ಹೋಟೆಲಿನವನೇ. ಸಿ ಫಾರಂ ಎಂದು ರೂಢಿಯಲ್ಲಿರುವ ಈ ಪತ್ರ ಛತ್ರದವನ ಹಳೆಯ ಹೊಣೆಯ ಹೊಸ ರೂಪ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳು ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ಅವನ್ನು ನೋಡಲು ಬಂದವನು ಹಗಲಿನಲ್ಲಿ ಹಾರನಹಳ್ಳಿಗೂ ಹೋಗಿ ಬಂದರೆ ಹಾರನಹಳ್ಳಿಯಲ್ಲಿ ಅವನ ಹೆಸರು ಉಳಿಯುವುದಿಲ್ಲ. ಮನುಷ್ಯನು ಮಲಗಿದ ಊರಿನಲ್ಲಿ ದಾಖಲಾಗುತ್ತಾನೆ. ನಡೆದ ಊರಿನಲ್ಲಿ ಅಲ್ಲ.

ಇಬ್ನ್ ಬತೂತನ ಪ್ರವಾಸ ಕಥನದಲ್ಲಿ ಈ ವಿಷಯಕ್ಕೆ ಸೊಗಸಾದ ಎರಡು ನಿದರ್ಶನಗಳಿವೆ. 1333ರಲ್ಲಿ ಅವನು ಸಿಂಧೂ ನದಿಯ ದಡಕ್ಕೆ ಬಂದಾಗ ತುಘಲಕ್ ಸುಲ್ತಾನನ ವಾರ್ತಾಧಿಕಾರಿಗಳು ಪರದೇಶಿಗಳ ರೂಪ, ಉಡುಪು, ಜೊತೆಗಾರರು, ಆಳುಕಾಳು, ಪ್ರಾಣಿಗಳು ಎಲ್ಲವನ್ನೂ ಬರೆದು ಕಳಿಸುತ್ತಿದ್ದರಂತೆ. ಇದು ಬಂದವರ ಲೆಕ್ಕ. ಚೀನದ ರೇವುಗಳ ವಿಷಯ ಬರೆಯುವಾಗ ಅವನು ಹೋದವರ ಲೆಕ್ಕವನ್ನೂ ಹೇಳುತ್ತಾನೆ. ಹಡಗು ಹೊರಡುವ ಮುನ್ನ ಗುಮಾಸ್ತರು ಹತ್ತಿದವರೆಲ್ಲರ ಹೆಸರು ಬರೆದುಕೊಳ್ಳುವರು. ಮರಳಿದಾಗ ಪಟ್ಟಿ ಹಿಡಿದು ಕರೆಯುವರು. ಒಬ್ಬ ಕಡಮೆಯಾದರೂ ಅವನು ಸತ್ತನೆಂದೋ ಓಡಿಹೋದನೆಂದೋ ನಾಯಕನು ಸಾಕ್ಷಿ ಒದಗಿಸಬೇಕು, ಇಲ್ಲವಾದರೆ ಸೆರೆ. ಈ ಬಂದೋಬಸ್ತಿನಲ್ಲಿ ತಿಳಿಯಬೇಕಾದ ಅಂಶವೆಂದರೆ, ಎರಡು ಪಟ್ಟಿಗಳನ್ನು ತಾಳೆ ನೋಡುವಾಗ ತಾಳೆಯಾಗದ ಹೆಸರಿನ ಭಾರ ಯಾರ ತಲೆಯ ಮೇಲಾದರೂ ಬೀಳಲೇಬೇಕು. ಅಲ್ಲಿ ಅದು ಹಡಗಿನವನ ಮೇಲೆ ಬಿತ್ತು.

ರೈಲು, ರೋಗ, ರಹದಾರಿ

ಎತ್ತು, ಬಂಡಿಗಳ ಕಾಲದಲ್ಲಿ ಘಟ್ಟಕುಟೀಪ್ರಭಾತ ನ್ಯಾಯವೆಂಬ ಒಂದು ಮಾತಿತ್ತು. ಸುಂಕ ತಪ್ಪಿಸಲೆಂದು ರಾತ್ರಿಯೆಲ್ಲ ಅಡ್ಡದಾರಿಯಲ್ಲಿ ಸುತ್ತಿದವನಿಗೆ ಬೆಳಗಾದಾಗ ಸುಂಕದ ಗುಡಿಸಿಲೇ ಎದುರಾಯಿತಂತೆ. ರೈಲು ಬಂದ ಮೇಲೆ ಈ ಸುತ್ತಾಟ ಬೇಕಿಲ್ಲದಂತಾಯಿತು. 1898ರ ಆಗಸ್ಟಿನಲ್ಲಿ ಪ್ಲೇಗು ಬೆಂಗಳೂರಿಗೆ ಬಂದದ್ದು ಹುಬ್ಬಳ್ಳಿಯ ಕಡೆಯಿಂದ, ರೈಲಿನಲ್ಲಿ. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಬರುವ ಆ ದಾರಿ ಅರಸೀಕೆರೆಯನ್ನು ಹಾದೇ ಹೋಗುತ್ತದೆ. ಮದ್ರಾಸ್ ಪ್ರಾಂತದವರು ಸೋಂಕಿನ ಊರುಗಳಿಂದ ಬಂದವರಿಗೆ ಪ್ಲೇಗಿನ ರಹದಾರಿಯನ್ನು ಕೊಟ್ಟು, ಹತ್ತು ದಿನಗಳವರೆಗೆ ಅಧಿಕಾರಿಯ ಎದುರು ಹಾಜರಾಗಬೇಕೆಂದು ಕಟ್ಟಳೆ ಮಾಡಿದರು. ಸುಳ್ಳು ಹೆಸರು, ಸುಳ್ಳು ವಿಳಾಸ ಕೊಟ್ಟು ನುಣುಚಿಕೊಂಡವರಿಗೆ ಕೊರತೆಯಿರಲಿಲ್ಲ. ಮನುಷ್ಯನ ಬದಲು ಅವನ ಕಾಗದವನ್ನು ಹಿಂಬಾಲಿಸುವ ಯುಗ ಹೀಗೆ ಆರಂಭವಾಯಿತು.

1920ರಲ್ಲಿ ಭಾರತಕ್ಕೆ ಬರುವವರಿಗೆ ಪಾಸ್‌ಪೋರ್ಟ್ ಕಡ್ಡಾಯ ಮಾಡುವ ಕಾಯಿದೆ ಬಂದಿತು. 1939ರಲ್ಲಿ ಪರದೇಶಿಯರ ನೋಂದಣಿ, 1946ರಲ್ಲಿ ಪರದೇಶಿಯರ ಕಾಯಿದೆ. ಇವೆಲ್ಲ ಒಳಗೆ ಬಂದವರನ್ನು ಕುರಿತವು. ಭಾರತದ ಪ್ರಜೆ ಹೊರಗೆ ಹೋಗುವ ವಿಷಯಕ್ಕೆ ಸರಿಯಾದ ಶಾಸನವೇ ಇರಲಿಲ್ಲ; ಪಾಸ್‌ಪೋರ್ಟ್ ಕೊಡುವುದೂ ಬಿಡುವುದೂ ಸರಕಾರದ ಚಿತ್ತ. 1967ರಲ್ಲಿ ಸುಪ್ರೀಂ ಕೋರ್ಟು ಪರದೇಶಕ್ಕೆ ಹೋಗುವುದು ವ್ಯಕ್ತಿಸ್ವಾತಂತ್ರ್ಯದ ಭಾಗವೆಂದು ತೀರ್ಪು ಕೊಟ್ಟ ಮೇಲೆ ಅದೇ ವರ್ಷ ಪಾಸ್‌ಪೋರ್ಟ್ ಕಾಯಿದೆ ಆಯಿತು. ಬರುವವನನ್ನು ಕುರಿತ ಕಾನೂನಿಗೂ ಹೋಗುವವನನ್ನು ಕುರಿತ ಕಾನೂನಿಗೂ ನಡುವೆ 47 ವರ್ಷಗಳ ಅಂತರ! 1920, 1939, 1946ರ ಹಳೆಯ ಕಾಯಿದೆಗಳನ್ನು 2025ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ಒಂದೇ ಕಾಯಿದೆ ತೆಗೆದುಹಾಕಿದೆ.

ರೋಗಕ್ಕೂ ರಹದಾರಿಗೂ ಇರುವ ನಂಟು ಮಾತ್ರ ಕಳಚಿಲ್ಲ. 1956ರ ನವೆಂಬರ್ 1ರವರೆಗೆ ಕಾಸರಗೋಡೂ ಮಂಗಳೂರೂ ಒಂದೇ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ಅಲ್ಲಿನ ಕನ್ನಡಿಗರಿಗೂ ಮಲೆಯಾಳಿಗಳಿಗೂ ಆಸ್ಪತ್ರೆ, ಕಾಲೇಜು, ಕೆಲಸವೆಂದರೆ ಮಂಗಳೂರೇ. 2020ರ ಮಾರ್ಚಿಯಲ್ಲಿ ಕರ್ನಾಟಕವು ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದಾಗ ಸಮಯಕ್ಕೆ ಆಸ್ಪತ್ರೆ ಸೇರಲಾರದೆ ರೋಗಿಗಳು ಸತ್ತರು. ಏಪ್ರಿಲ್ 1ರಂದು ಕೇರಳ ಹೈಕೋರ್ಟು ದಾರಿ ತೆರೆಸಬೇಕೆಂದು ಆಜ್ಞೆ ಮಾಡಿತು. ಮುಂದೆ ಸೇವಾಸಿಂಧು ಎಂಬ ಗಣಕ ವ್ಯವಸ್ಥೆಯಲ್ಲಿ ಹೆಸರು ಬರೆಸಿ ಪಾಸು ಪಡೆದವರು ಗಡಿ ದಾಟತೊಡಗಿದರು. ಇದು ರಾಷ್ಟ್ರಗಳ ಗಡಿಯೂ ಅಲ್ಲ. ದಿನಕ್ಕೆರಡು ಸಲ ದಾಟುವವರ ಲೆಕ್ಕವಿಡಲು ಆಗದ ಆಡಳಿತಕ್ಕೆ ಮೊದಲು ತೋಚುವ ಉಪಾಯ ಬಾಗಿಲು ಹಾಕುವುದು ಎಂಬುದಕ್ಕೆ ತಲಪಾಡಿಯ ಆ ಮಣ್ಣು ನಿದರ್ಶನ.

ಹೊರಡಲೂ ಅಪ್ಪಣೆ

ಹೋಗುವವನ ಲೆಕ್ಕ ಖಚಿತವಾಗಿ ಬೇಕಾದರೆ ಸುಲಭದ ದಾರಿಯೊಂದುಂಟು: ಅಪ್ಪಣೆಯಿಲ್ಲದೆ ಯಾರೂ ಹೋಗಕೂಡದೆಂದು ವಿಧಿಸುವುದು. ಅರಬ್ಬೀ ಕೊಲ್ಲಿಯ ಕೆಲವು ದೇಶಗಳು ಬಹುಕಾಲ ಹೀಗೆಯೇ ಮಾಡಿದವು. ಮಾಲೀಕನ ಒಪ್ಪಿಗೆಯ ಚೀಟಿಯಿಲ್ಲದೆ ಕೂಲಿಗಾರನು ದೇಶ ಬಿಡುವಂತಿರಲಿಲ್ಲ. ಕತಾರ್ ದೇಶವು ಬಹುಪಾಲು ಕೆಲಸಗಾರರಿಗೆ ಇದನ್ನು ರದ್ದುಮಾಡಿದ್ದು 2018ರಲ್ಲಿ. ಮಂಗಳೂರು, ಉಡುಪಿ, ಭಟ್ಕಳಗಳಿಂದ ಕೊಲ್ಲಿಗೆ ಹೋದ ಕುಟುಂಬಗಳಿಗೆ ಈ ಚೀಟಿಯ ಬೆಲೆ ಗೊತ್ತು. ತಾಯಿ ತೀರಿಹೋದ ಸುದ್ದಿ ಬಂದರೂ ಮಾಲೀಕನ ಸಹಿಗಾಗಿ ಕಾಯಬೇಕಾದ ಲೆಕ್ಕ ಅದು. ಪಟ್ಟಿ ತಪ್ಪಿಲ್ಲದೆ ಇರುತ್ತದೆ, ನಿಜ. ಸೆರೆಮನೆಯ ಪಟ್ಟಿಯೂ ತಪ್ಪಿಲ್ಲದೆಯೇ ಇರುತ್ತದೆ.

ಇದಕ್ಕೆ ಇನ್ನೊಂದು ಮುಖವೂ ಇದೆ. 1990ರ ಆಗಸ್ಟಿನಲ್ಲಿ ಇರಾಕು ಕುವೈತನ್ನು ಆಕ್ರಮಿಸಿದಾಗ ಸುಮಾರು 1,70,000 ಭಾರತೀಯರನ್ನು ವಿಮಾನಗಳಲ್ಲಿ ಮರಳಿ ತರಬೇಕಾಯಿತು. ಹೋದವರ ಸರಿಯಾದ ಲೆಕ್ಕವಿದ್ದರೆ ಅಂಥ ಆಪತ್ತಿನಲ್ಲಿ ಅದು ರಕ್ಷಣೆ. ಆದರೆ ನಮ್ಮ ಸರಕಾರ 1983ರ ವಲಸೆ ಕಾಯಿದೆಯಂತೆ ಅನುಮತಿ ಪಡೆದು ಗೊತ್ತಾದ ಕೆಲವು ದೇಶಗಳಿಗೆ ದುಡಿಯಲು ಹೋದವರನ್ನು ಎಣಿಸುತ್ತದೆ; ಉಳಿದವರು ಆ ಎಣಿಕೆಗೆ ಸಿಕ್ಕುವುದಿಲ್ಲ. ಆದಕಾರಣ ಲೆಕ್ಕವೇ ಬೇಡವೆನ್ನುವುದು ಸರಿಯಾಗಲಾರದು. ಆ ಲೆಕ್ಕ ಯಾರ ಉಪಯೋಗಕ್ಕೆ, ತಪ್ಪಿದರೆ ಹೊಣೆ ಯಾರದು ಎಂದು ಕೇಳುವುದೇ ಸರಿ.

ಅಳಿಸಿದ ಠಸ್ಸೆ

ಇಂದಿನ ಪರಿಸ್ಥಿತಿಯನ್ನು ನೋಡಿ. 1996ರಲ್ಲಿಯೇ ಅಮೆರಿಕವು ಬರುವ ಹೋಗುವ ಎಲ್ಲ ಪರದೇಶಿಯರ ದಾಖಲೆಯನ್ನು ತಾಳೆ ನೋಡಬೇಕೆಂದು ಶಾಸನ ಮಾಡಿತು. ದಶಕಗಳು ಕಳೆದರೂ ನೆಲದ ಗಡಿಯಿಂದ ಹೊರಹೋಗುವವರ ಲೆಕ್ಕ ಹಿಡಿತಕ್ಕೆ ಬರಲಿಲ್ಲ. ಕೊನೆಗೆ ದೊರೆತ ಉಪಾಯ ನೆರೆಯ ಕೆನಡದೊಡನೆ ಒಪ್ಪಂದ. 2013ರಿಂದ ಮೂರನೆಯ ದೇಶದವರ ವಿಷಯದಲ್ಲಿ ಒಂದು ದೇಶದ ಪ್ರವೇಶವನ್ನೇ ಇನ್ನೊಂದು ದೇಶದ ನಿರ್ಗಮನವೆಂದು ಬರೆದುಕೊಳ್ಳುತ್ತಾರೆ. ರೇಚರಸನು ಕಳಚುರಿ ನಾಡನ್ನು ಬಿಟ್ಟದ್ದು ಅರಸೀಕೆರೆಯ ಕಲ್ಲಿನಿಂದ ತಿಳಿದಂತೆಯೇ ಇದೂ. ಇಂಗ್ಲೆಂಡು 1990ರ ದಶಕದಲ್ಲಿ ಹೊರಹೋಗುವವರ ತಪಾಸಣೆಯನ್ನು ಕೈಬಿಟ್ಟು, 2015ರಲ್ಲಿ ಮತ್ತೆ ಕೈಗೆತ್ತಿಕೊಂಡಿತು. ನಮ್ಮ ದೇಶ 2017ರ ಜುಲೈಯಿಂದ ವಿಮಾನದಲ್ಲಿ ಹೊರಡುವ ಭಾರತೀಯರು ತುಂಬಬೇಕಾಗಿದ್ದ ಕಾರ್ಡನ್ನು ತೆಗೆದುಹಾಕಿತು. ಆ ವಿವರಗಳು ಬೇರೆ ದಾರಿಯಿಂದ ಸಿಕ್ಕುತ್ತಿದ್ದವು.

ಯೂರೋಪಿನ ಷೆಂಗೆನ್ ದೇಶಗಳಿಗೆ ಹೋಗುವ ನಮ್ಮವರಿಗೆ ಯಾವ 180 ದಿನಗಳಲ್ಲಿ ನೋಡಿದರೂ 90ಕ್ಕಿಂತ ಹೆಚ್ಚು ದಿನ ಇರಬಾರದೆಂಬ ನಿಯಮವಿದೆ. ಬಹುಕಾಲ ಇದರ ಲೆಕ್ಕ ನಡೆದದ್ದು ಪಾಸ್‌ಪೋರ್ಟಿನ ಮೇಲೆ ಒತ್ತಿದ ಠಸ್ಸೆಗಳಿಂದ. ಮಗಳ ಬಾಣಂತನಕ್ಕೆ ಹೋಗಿ ನಿಯಮದಂತೆ ಮರಳಿದ ತಾಯಿಯ ಪಾಸ್‌ಪೋರ್ಟಿನಲ್ಲಿ ಹೊರಟ ದಿನದ ಠಸ್ಸೆ ಬಿದ್ದಿರದಿದ್ದರೆ ಅಥವಾ ಓದಲಾಗದಂತೆ ಮಾಸಿದ್ದರೆ, ಮುಂದಿನ ಸಲ ಆಕೆಯನ್ನು ನಿಲ್ಲಿಸಿ ಕೇಳುವರು: ನೀವು ಹೊರಟದ್ದಕ್ಕೆ ಆಧಾರವೇನು? ಒಳಬಂದ ಗುರುತಿಲ್ಲದಿದ್ದರಂತೂ ಅವಧಿ ಮೀರಿ ಉಳಿದವರೆಂದೇ ಭಾವಿಸಲು ಅಲ್ಲಿನ ಗಡಿ ಸಂಹಿತೆ ಅವಕಾಶ ಕೊಟ್ಟಿತ್ತು. ಅದನ್ನು ಅಲ್ಲಗಳೆಯಲು ಟಿಕೆಟ್ಟು, ಬೇರೆಡೆ ಇದ್ದುದಕ್ಕೆ ಸಾಕ್ಷಿ ಮುಂತಾದವನ್ನು ಪ್ರಯಾಣಿಕರೇ ಒದಗಿಸಬೇಕು. ಚೀನದ ರೇವಿನಲ್ಲಿ ಹಡಗಿನ ನಾಯಕನ ಮೇಲಿದ್ದ ಭಾರ ಇಲ್ಲಿ ಪ್ರಯಾಣಿಕನ ತಲೆಗೇ ಬಂದಿದೆ. 2025ರ ಅಕ್ಟೋಬರ್ 12ರಿಂದ ಠಸ್ಸೆಯ ಬದಲು ಬೆರಳಚ್ಚು, ಮುಖಚಿತ್ರಗಳ ಹೊಸ ಪದ್ಧತಿ ಹಂತಹಂತವಾಗಿ ಬಂದಿದೆ. ಮಾಸಿದ ಠಸ್ಸೆಯ ಕಾಟ ಇದರಿಂದ ತಪ್ಪಬಹುದು. ಯಂತ್ರ ತಪ್ಪಿದಾಗ ಪ್ರಯಾಣಿಕನ ಕೈಯಲ್ಲಿ ತೋರಿಸಲು ಆ ಮಾಸಿದ ಠಸ್ಸೆಯೂ ಇರುವುದಿಲ್ಲವೆಂಬುದನ್ನೂ ಮರೆಯಬಾರದು.

ಸಾವಿರ ವರ್ಷಗಳ ಅನುಭವದಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ಹೋದವನ ಲೆಕ್ಕವನ್ನು ಯಾವ ರಾಜ್ಯವೂ ತಾನೊಂದೇ ಪೂರ್ತಿಯಾಗಿ ಇಡಲಾರದು. ಅದಕ್ಕೆ ನೆರೆಯವನ ಮಾತು ಬೇಕು, ಛತ್ರದವನ ಮಾತು ಬೇಕು, ಹೋದವನ ಮಾತೂ ಬೇಕು. ಮಾತನ್ನು ನಂಬದ ಕಡೆ ಬಾಗಿಲು ಹಾಕುವುದು, ಇಲ್ಲವೆ ಅಪ್ಪಣೆಯ ಚೀಟಿ ಕೇಳುವುದು, ಇವೆರಡೇ ಉಳಿಯುತ್ತವೆ. ಲೆಕ್ಕದಲ್ಲಿ ಕಾಣದವನನ್ನು ಕಳ್ಳನೆಂದು ಎಣಿಸುವ ಮೊದಲು, ಲೆಕ್ಕವೇ ತಪ್ಪಿರಬಹುದೆಂದು ಒಂದು ಗಳಿಗೆ ಯೋಚಿಸುವಷ್ಟು ಸೌಜನ್ಯ ಗಡಿಯ ಕಟ್ಟೆಯಲ್ಲಿ ಕುಳಿತವರಿಗೆ ಇರಬೇಕು. ಸುಂಕದವನು ಸುಖದುಃಖ ಕೇಳಲಿಲ್ಲ. ಅವನ ಎದುರಿಗಿದ್ದದ್ದು ಹೇರು. ಇಂದು ಅಲ್ಲಿ ನಿಂತಿರುವವನು ಮನುಷ್ಯ.